ಡೀಸೆಲ್ ವಾಸನೆ

ಭಾನುವಾರ, ಬೆಳಗ್ಗೆ

ಪ್ರೀತಿಯ ಬನ್ನು,

ನಿನ್ನ ಕಾಗದ ತಲುಪಿತು. ನಿನ್ನ ಯಜಮಾನರ ಭುಜಕ್ಕೆ ವ್ಯಾಯಾಮ ಮಾಡಿಸುತ್ತಿರುವವಳು ನಾನೇ ಎಂದು ತಿಳಿದು ಕುಣಿದಾಡಿಬಿಟ್ಟೆಯಂತೆ. ಮನೆಗೆ ಬಾ, ಮೊದಲಿನ ಹಾಗೇ ಇರೋಣ ಎಂದು ಬರೆದಿದ್ದೀಯ. ಬರುವುದಿಲ್ಲ. ಯಾಕೆಂದು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

ಅಪ್ಪನಿಗೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ ಸಿಕ್ಕಿ ನಾವು ನಿಮ್ಮೂರಿಗೆ ಬಂದಾಗ ನನಗೆ ಹದಿನಾಲ್ಕು. ತರಗತಿಯಲ್ಲಿ ಯಾರೂ ಜಾಗ ಕೊಡದಿದ್ದಾಗ ನೀನು ಬ್ಯಾಗು ಸರಿಸಿ ಪಕ್ಕದಲ್ಲಿ ಕೂರಿಸಿಕೊಂಡೆ. ನಿಮ್ಮ ಬೇಕರಿಯ ಹಿಂಬಾಗಿಲಲ್ಲಿ ಕೂತು, ಮುರಿದ ಬಿಸ್ಕತ್ತು ತಿನ್ನುತ್ತಾ ನಾವು ಆಡಿಕೊಳ್ಳದ ಜನರಿರಲಿಲ್ಲ. ಅದನ್ನು ಮರೆತಿಲ್ಲ. ಮರೆತಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಓಟದಲ್ಲಿ ನಿನ್ನನ್ನು ಮೀರಿಸುವವರು ಆ ಶಾಲೆಯಲ್ಲಿರಲಿಲ್ಲ. ಆ ವರ್ಷ ನಾನು ಗೆದ್ದೆ. ಎಲ್ಲರಿಗಿಂತ ಮೊದಲು ಓಡಿ ಬಂದು ತಬ್ಬಿಕೊಂಡವಳು ನೀನೇ. ಆಮೇಲೆ ಫೋಟೋ ಸ್ಟುಡಿಯೋದವರ ಮಗ ಅಂಗಡಿಯ ಗಾಜಿನ ಹಿಂದಿದ್ದ, ಹಿಂದಿನ ವರ್ಷದ ಗೆಲುವಿನ ನಿನ್ನ ಫೋಟೋ ತೆಗೆದು ನನ್ನದಿಟ್ಟ. ನಾನು ದಿನಾ ಆ ಬೀದಿಯಿಂದಲೇ ಮನೆಗೆ ಹೋಗತೊಡಗಿದೆ. ಅವನು ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಒಂದು ಮಾತೂ ಆಡಿರಲಿಲ್ಲ. ನನ್ನ ಮನಸ್ಸಿನ ಮಾತು ನಿನಗೊಬ್ಬಳಿಗೇ ಹೇಳಿದ್ದೆ.

ವಾರದೊಳಗೆ ನೀನು ನನ್ನ ಕೈ ಹಿಡಿದುಕೊಂಡು ಹೇಳಿದೆ: "ಬೇಜಾರ್ ಮಾಡ್ಕೋಬೇಡ ಕಣೇ. ನೀನು ಹತ್ರ ಬಂದ್ರೆ ಡೀಸೆಲ್ ವಾಸನೆ ಹೊಡಿಯತ್ತಂತೆ. ಅವನೇ ಅಂದ."

ನಾನು ಆ ಬೀದಿ ಬಿಟ್ಟೆ. ಅಪ್ಪನ ಬಟ್ಟೆ ನಾರುತ್ತದೆ, ನನ್ನದರ ಜೊತೆ ನೆನೆಹಾಕಬೇಡ ಎಂದು ಅಮ್ಮನ ಹತ್ತಿರ ರಂಪ ಮಾಡಿದೆ. ಅಪ್ಪ ಕೇಳಿಸಿಕೊಂಡರು. ಮಾರನೆಯ ದಿನದಿಂದ ಡಿಪೋದ ನಲ್ಲಿಯಲ್ಲೇ ಬಟ್ಟೆ ಒಗೆದು, ಒದ್ದೆ ಚೀಲ ಹಿಡಿದು ಬರುತ್ತಿದ್ದರು. ಶಾಲೆಯ ಹತ್ತಿರ ನಾನು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದರು. ಕೊನೆಯ ಕಾಯಿಲೆಯಲ್ಲಿ ದಿಂಬು ಸರಿಮಾಡಲು ನಾನು ಬಗ್ಗಿದಾಗಲೂ, "ಸ್ವಲ್ಪ ದೂರ ಕೂತ್ಕೋ ಮಗಾ" ಅಂದರು.

ನಿನ್ನ ಗಂಡ, ಅದೇ ಸ್ಟುಡಿಯೋದ ಹುಡುಗ, ಮೊದಲ ದಿನ ನಮ್ಮ ಆಸ್ಪತ್ರೆಗೆ ಬಂದಾಗ ನನ್ನ ಗುರುತು ಹಿಡಿದು ನಗುತ್ತಾ ಕೇಳಿದರು: "ಸ್ಟುಡಿಯೋ ಕೆಮಿಕಲ್ ವಾಸನೆಗೆ ನಿಮಗೆ ವಾಕರಿಕೆ ಬರ್ತಿತ್ತಂತೆ, ನಿಜಾನಾ?" ಯಾರು ಹೇಳಿದ್ದೆಂದು ನಾನು ಕೇಳಲಿಲ್ಲ. ಡೀಸೆಲಿನ ಮಾತೆತ್ತಿದೆ. ನಮ್ಮಪ್ಪ ಏನು ಕೆಲಸ ಮಾಡುತ್ತಿದ್ದರೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಇಬ್ಬರಿಗೂ ಒಂದೇ ಸುಳ್ಳು. ಇನ್ನೊಂದನ್ನು ಹೊಸೆಯುವ ಶ್ರಮವನ್ನೂ ನೀನು ತೆಗೆದುಕೊಳ್ಳಲಿಲ್ಲ.

ಅವರನ್ನು ಕಸಿದುಕೊಂಡೆಯೆಂದು ಜಗಳವಲ್ಲ. ಹದಿನಾಲ್ಕರ ಹುಚ್ಚು, ತಾನಾಗಿಯೇ ಇಳಿಯುತ್ತಿತ್ತು. ಆದರೆ ನನ್ನ ಅಪ್ಪ ಮಗಳಿಂದ ದೂರ ಸರಿದು ಸರಿದೇ ಹೋಗಿಬಿಟ್ಟರು. ಅದನ್ನು ಮಾತ್ರ ಮಕ್ಕಳಾಟ ಅನ್ನಬೇಡ.

ಇನ್ನು ಕಾಗದ ಹಾಕಬೇಡ. ನಿನ್ನ ಮಕ್ಕಳು ಚೆನ್ನಾಗಿರಲಿ.

ಇಂತಿ,
ಒಂದು ಕಾಲದ ನಿನ್ನ ಗೆಳತಿ

ತಾ.ಕ.: ನಿನ್ನ ಯಜಮಾನರ ಭುಜ ವಾಸಿಯಾಗಿ ತಿಂಗಳಾಯಿತು. ಅದು ಅವರಿಗೂ ಗೊತ್ತು. ಆದರೂ ಒಂದು ಮಂಗಳವಾರವೂ ಬರುವುದನ್ನು ತಪ್ಪಿಸುವುದಿಲ್ಲ. ಆ ಹೊತ್ತಿಗೆ ನಾನೂ ಬೇರೆ ಯಾರಿಗೂ ಬರಹೇಳುತ್ತಿಲ್ಲ.