ಮುಳುಗಿದ ಹಡಗಿನ ಮೇಲೆ ನಡೆಯದ ತರಗತಿ

ಆಗ ಜಲಸಾಹಸ ತರಬೇತಿಯ ಅಧಿಕಾರಿಗಳಾಗಿದ್ದು, ಈಗ ಅದಕ್ಕೂ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನೀವು ಸುಳ್ಳು ಬರೆದಿದ್ದೀರಿ. 2004ರ ಫೆಬ್ರುವರಿಯಲ್ಲಿ ಕರಾವಳಿಯ ಮುಳುಗಿದ ಹಡಗಿನ ಬಳಿ ನಡೆದ ಅವಘಡದ ವರದಿಯಲ್ಲಿ, ‘ಅಭ್ಯರ್ಥಿ ಅಬ್ದುಲ್ ಮಜೀದ ತರಗತಿಯಲ್ಲಿ ನೀಡಿದ್ದ ಸೂಚನೆಯನ್ನು ಧಿಕ್ಕರಿಸಿ ಮೇಲೇರಿದ್ದೇ ಕಾರಣ’ ಎಂದಿದ್ದೀರಿ. ಯಾವ ತರಗತಿ? ಯಾವ ಸೂಚನೆ? ತರಗತಿ ನಡೆಯಬೇಕಿದ್ದ ಎರಡು ತಾಸು ನೀವು ಶಾಮಿಯಾನದ ಕೆಳಗೆ ಹಾರ ಹಾಕಿಸಿಕೊಳ್ಳುತ್ತಿದ್ದಿರಿ. ನಿಮ್ಮ ಇಲಾಖೆಗೆ ಮೂರು ಅರ್ಜಿ ಕೊಟ್ಟೆ. ಮೂರರ ಮೇಲೂ ‘ಸ್ವೀಕರಿಸಲಾಗಿದೆ’ ಎಂಬ ಮುದ್ರೆ ಬಿತ್ತು. ಸ್ವೀಕರಿಸುವುದರಲ್ಲಿ ನಿಮ್ಮ ಇಲಾಖೆಯನ್ನು ಮೀರಿಸುವವರಿಲ್ಲ. ಹಾಗಾಗಿ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಶಹಾಬಾದ ಪಕ್ಕದ ಭಂಕೂರಿನವನು. ಎಂಟನೇ ಇಯತ್ತೆಯಲ್ಲಿ ಶಾಲೆ ಬಿಟ್ಟೆ. ಬಡತನ ಬಿಡಿಸಿತು ಅಂತ ಹೇಳಿದರೆ ನಿಮಗೆ ಕನಿಕರ ಬಂದೀತು, ಆದರೆ ಅದು ನಿಜವಲ್ಲ. ಬೆಂಚಿನ ಮೇಲೆ ಕೂರಲು ನನಗೆ ಆಗುತ್ತಿರಲಿಲ್ಲ, ಅಷ್ಟೇ. ನಾನೂ ಮಜೀದನೂ ಬೆಳೆದದ್ದು ಕಲ್ಲಿನ ಖಣಿಗಳಲ್ಲಿ. ನೆಲಕ್ಕೆ ಹಾಸುವ ಫರಶಿ ಕಲ್ಲು ತೆಗೆದು ಬಿಟ್ಟ ಖಣಿಗೆ ಮಳೆಗಾಲದಲ್ಲಿ ನೀರು ತುಂಬುತ್ತದೆ. ಒಳಗೆ ಸರಪಳಿ, ಹಾರೆ, ಪಂಪಿನ ಪೈಪು ಉಳಿದುಬಿಡುತ್ತವೆ. ಅವನ್ನು ತೆಗೆಯಲು ನಾವು ಒಂದು ಫರಶಿ ತುಂಡನ್ನು ಎದೆಗವಚಿಕೊಂಡು ಮುಳುಗುತ್ತಿದ್ದೆವು. ಕಲ್ಲು ನಮ್ಮನ್ನು ತಳಕ್ಕೆ ಒಯ್ಯುತ್ತದೆ. ಅದನ್ನು ಅಲ್ಲೇ ಬಿಟ್ಟು, ಬೇಕಾದದ್ದನ್ನು ಹಿಡಿದು ಮೇಲೆ ಬರುವುದು. ಇದಕ್ಕೆ ಒಂದೇ ನಿಯಮ. ತಲೆ ನೀರಿನಿಂದ ಹೊರಗೆ ಬರುವ ತನಕ ಒಂದು ಗುಳ್ಳೆಯೂ ಬಾಯಿಂದ ಹೊರಡಬಾರದು. ದಂಡೆಯ ಮೇಲೆ ಮಂದಿ ನೀರನ್ನೇ ನೋಡುತ್ತ ಕೂತಿರುತ್ತಾರೆ. ಗುಳ್ಳೆ ಕಂಡರೆ ಸಾಕು, ‘ಗುಳ್ಳಿ ಬಿಟ್ಟ, ಗುಳ್ಳಿ ಬಿಟ್ಟ!’ ಎಂದು ವಾರವಿಡೀ ಆಡಿಕೊಳ್ಳುತ್ತಾರೆ. ಹತ್ತು ವರ್ಷದಲ್ಲಿ ಮಜೀದ ಒಮ್ಮೆಯೂ ಗುಳ್ಳೆ ಬಿಟ್ಟವನಲ್ಲ.

ಇಂಥವರೇ ಬೇಕು ಎಂದು ಹುಡುಕಿಕೊಂಡು ಬಂದವರು ನೀವು. ‘ಪ್ರವಾಸಿಗರನ್ನು ಹಡಗು ತೋರಿಸಲು ಕರೆದೊಯ್ಯುವ ಕೆಲಸ, ಮೊದಲು ಐದು ದಿನ ತರಬೇತಿ’ ಎಂದಿರಿ. ಭಂಕೂರಿನಿಂದ ನಾವಿಬ್ಬರು ಹೊರಟೆವು. ತರಬೇತುದಾರ ಕೌಸ್ತುಭ ಅವರು ಮೊದಲ ದಿನ ಬೆಳಗ್ಗೆ ಕಪ್ಪು ಹಲಗೆ ನಿಲ್ಲಿಸಿ, ಸೀಮೆಸುಣ್ಣ ಹಿಡಿದು ಕಾದಿದ್ದರು. ಆ ಹಲಗೆಯನ್ನು ತೆಗೆಸಿ ಅಲ್ಲಿ ಅತಿಥಿಗಳ ಸೋಫಾ ಹಾಕಿಸಿದ್ದು ನೆನಪಿದೆಯೇ?

“ಸರ್, ಉಸಿರಿನ ಪಾಠ ಆಗದೆ ಇವರನ್ನ ಇಳಿಸೋದು ಸರಿ ಅಲ್ಲ,” ಎಂದರು ಕೌಸ್ತುಭ.

“ಏನ್ರೀ ನೀವು, ಖಣಿಯಾಗ ಹುಟ್ಟಿದವ್ರಿಗೆ ನೀರಿನ ಪಾಠ ಹೇಳ್ತೀರಾ? ಅತಿಥಿಗಳಿಗೆ ಟೈಮ್ ಇಲ್ಲ. ಮೊದಲು ಫೋಟೋ ಆಗ್ಲಿ, ಪಾಠ ನಾಳೆ ಮಾಡ್ರಿ,” ಎಂದಿರಿ ನೀವು. ನಮ್ಮ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಸಿ, ನಮಗೂ ಒಂದು ಅಪ್ಪಣೆ ಕೊಟ್ಟಿರಿ: “ಹಡಗಿನಿಂದ ಒಂದು ಹಂಚು ತಗೊಂಡು ಬರ್ರಿ. ಸಾಹೇಬರ ಕೈಗೆ ಕೊಡ್ಬೇಕು.”

ಆ ಹಡಗನ್ನು ನೀವು ನೋಡಿಲ್ಲ. ದೋಣಿಯಲ್ಲಿ ಕುಳಿತು ಅದರ ಮೇಲಿನ ನೀರನ್ನು ನೋಡಿದ್ದೀರಿ. ಹಂಚು ಸಾಗಿಸುವಾಗ ಮುಳುಗಿದ ಹಳೆಯ ಸರಕಿನ ಹಡಗು, ಮೂವತ್ತು ಅಡಿ ಆಳದಲ್ಲಿ ಒಂದು ಮಗ್ಗುಲಿಗೆ ಮಲಗಿದೆ. ಬಿಸಿಲು ತಳದ ತನಕ ಇಳಿಯುತ್ತದೆ. ನಮ್ಮ ಖಣಿಯಲ್ಲಿ ಎರಡಾಳು ಇಳಿದರೆ ಕಾಲು ಮರಗಟ್ಟುತ್ತದೆ, ಕಣ್ಣಿಗೆ ಕತ್ತಲೆ. ಇಲ್ಲಿ ನೀರಿಗೆ ಕಾಲಿಟ್ಟೊಡನೆ ಮಜೀದ ನಕ್ಕುಬಿಟ್ಟ. “ಯಪ್ಪಾ ಮಾಣ್ಯಾ, ನೀರು ಬೆಚ್ಚಗದಲೋ! ಇಷ್ಟು ನೀರು ಯಾರ್ ಕಾಸ್ಯಾರ?” ಕೆಳಗೆ ಹಂಚುಗಳು ಒಟ್ಟಿದ್ದು ಒಟ್ಟಿದ ಹಾಗೇ ಇದ್ದವು, ಥೇಟ್ ನಮ್ಮಲ್ಲಿ ಫರಶಿ ಪೇರಿಸಿಟ್ಟಂತೆ. ಸಂದಿಗಳಲ್ಲಿ ಹಳದಿ ಪಟ್ಟೆಯ ಮೀನುಗಳು. ಮಜೀದ ಹಡಗಿನ ಕಂಬಿಯನ್ನು ಹಿಡಿದು, ಒಳಗೆ ಇಣುಕಿ, ನನ್ನ ಕಡೆ ತಿರುಗಿ ಎರಡೂ ಕೈ ಅಗಲಿಸಿದ. ಅವನು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆಮೇಲೆ ಅವನು ಹಂಚು ಎತ್ತಿಕೊಂಡ. ಬೆನ್ನಿನ ಸಿಲಿಂಡರಿನಿಂದ ಎದೆ ತುಂಬ ಗಾಳಿ ಎಳೆದ. ತುಟಿ ಬಿಗಿದು, ಖಣಿಯಲ್ಲಿ ಮಾಡುವಂತೆ ಒಂದೇ ಸಮನೆ ಮೇಲೆ ಹೋದ. ಒಂದು ಗುಳ್ಳೆಯನ್ನೂ ಬಿಡಲಿಲ್ಲ.

ಖಣಿಯಲ್ಲಿ ನಾವು ಹೊತ್ತೊಯ್ಯುವುದು ಮೇಲಿನ ಗಾಳಿ. ಅದು ಕೆಳಗೆ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸಿಲಿಂಡರಿನ ಗಾಳಿ ಹಾಗಲ್ಲ. ಮೂವತ್ತು ಅಡಿಯಲ್ಲಿ ಎದೆ ತುಂಬಿಕೊಂಡದ್ದು ಮೇಲೆ ಬರುವಷ್ಟರಲ್ಲಿ ಹೆಚ್ಚೂಕಡಿಮೆ ಎರಡು ಪಟ್ಟಾಗುತ್ತದೆ. ಉಸಿರು ಬಿಡುತ್ತ ಬರಬೇಕು. ಬಿಗಿಹಿಡಿದರೆ ಪುಪ್ಪಸ ಹರಿಯುತ್ತದೆ, ಗಾಳಿ ರಕ್ತದಲ್ಲಿ ಸೇರಿ ಮಿದುಳಿಗೆ ಹೋಗುತ್ತದೆ. ಇಷ್ಟೇ ಪಾಠ. ಹೇಳಲು ಒಂದು ನಿಮಿಷ ಸಾಕು. ನಿಮ್ಮ ಸ್ವಾಗತ ಭಾಷಣ ಎಷ್ಟು ನಿಮಿಷದ್ದು, ಮಾನ್ಯರೇ?

ಇಲ್ಲಿ ನನ್ನದನ್ನೂ ಬರೆಯಬೇಕು. ಬಿಟ್ಟರೆ ಈ ಕಾಗದಕ್ಕೂ ನಿಮ್ಮ ವರದಿಗೂ ವ್ಯತ್ಯಾಸ ಉಳಿಯುವುದಿಲ್ಲ. ದೋಣಿಯಿಂದ ಇಳಿಯುವ ಮುಂಚೆ ನಾನೇ ಅವನಿಗೆ, “ಲೇ ಮಜ್ಯಾ, ದೊಡ್ಡ ಮಂದಿ ನೋಡ್ಲಿಕತ್ತಾರ. ಬರುವಾಗ ಗುಳ್ಳಿ ಬಿಟ್ಟು ಭಂಕೂರಿನ ಮಾನ ಕಳೀಬ್ಯಾಡ,” ಎಂದಿದ್ದೆ. ಚೇಷ್ಟೆಗೆ ಅಂದ ಮಾತು. ನಾನು ಮೇಲೆ ಬಂದದ್ದು ನಮ್ಮ ಜೊತೆ ಇಳಿದಿದ್ದ ಕೌಸ್ತುಭ ಅವರ ಕೈ ಹಿಡಿದು, ಅವರು ಎದೆ ತಟ್ಟಿ ಉಸಿರು ಬಿಡಿಸಿದ್ದರಿಂದ. ಇಬ್ಬರಲ್ಲಿ ಒಬ್ಬನನ್ನು ಹಿಡಿಯಲು ಅವರಿಗೆ ಸಾಧ್ಯವಾಯಿತು.

ನೀರಿನಿಂದ ಹೊರಬಂದ ಮಜೀದ ಹಂಚನ್ನು ಎತ್ತಿ ಹಿಡಿದ. ಫೋಟೋ ತೆಗೆದರು. ಮರುಗಳಿಗೆ ಅವನ ಬಾಯಲ್ಲಿ ಕೆಂಪು ನೊರೆ ಬಂತು. ಆ ಫೋಟೋ ನಿಮ್ಮ ಯೋಜನೆಯ ಪುಸ್ತಿಕೆಗೆ ಮುಖಪುಟವಾಯಿತು. ನಿಮಗೆ ಬಡ್ತಿ ಸಿಕ್ಕಿತು. ಮಜೀದನಿಗೆ ಎಡಗೈಯ ಸ್ವಾಧೀನ ಹೋಯಿತು, ಎಡಗಾಲು ಎಳೆಯುತ್ತದೆ. ಉಳಿ ಹಿಡಿದರೆ ಸುತ್ತಿಗೆಗೆ ಕೈಯಿಲ್ಲ.

ಅದನ್ನಾದರೂ ಸಹಿಸಿಯೇನು. ಆ ದಿನದ ನೆನಪೇ ಅವನಲ್ಲಿ ಉಳಿದಿಲ್ಲ. ಬಸ್ಸು ಹತ್ತಿದ್ದು ಗೊತ್ತು, ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟದ್ದು ಗೊತ್ತು. ಬೆಚ್ಚಗಿನ ನೀರು, ಹಡಗು, ಮೀನು ಯಾವುದೂ ಇಲ್ಲ. ಆ ಖಾಲಿ ಜಾಗದಲ್ಲಿ ನಿಮ್ಮ ವರದಿ ಬಂದು ಕೂತಿದೆ.

“ಅವ್ರು ಹೇಳಿದ್ರಂತ, ನಾನ ಕೇಳಲಿಲ್ಲಂತ,” ಎನ್ನುತ್ತಾನೆ.

“ಯಾರೂ ಹೇಳಿಲ್ಲೋ. ನಾನು ಅಲ್ಲೇ ಇದ್ದೆ.”

“ನೀ ನನ್ನ ದೋಸ್ತ, ಹಂಗಽ ಅಂತಿ. ಸರ್ಕಾರಿ ಕಾಗದಕ್ಕ ನನ್ನ ಮ್ಯಾಲೇನು ದುಶ್ಮನಿ?”

ಅವನ ತಾಯಿ ಹಸೀನಾಬೇಗಂ ಒಳಗಿಂದ ಬೈಯುತ್ತಾರೆ: “ಸಣ್ಣಾಂವ ಇದ್ದಾಗಿಂದ ಹೇಳಿದ ಮಾತು ಕೇಳಿದಾಂವಲ್ಲ, ಬದ್ಮಾಷ್!” ಬೈದು ಅಳುತ್ತಾರೆ. ಹೆತ್ತ ತಾಯಿಯನ್ನೂ ನಿಮ್ಮ ಸಾಕ್ಷಿಯನ್ನಾಗಿ ಮಾಡಿಕೊಂಡಿದ್ದೀರಿ.

ನಾನು ಈಗ ಕೌಸ್ತುಭ ಅವರ ಜೊತೆ ಅದೇ ಹಡಗಿಗೆ ಜನರನ್ನು ಇಳಿಸುತ್ತೇನೆ. ಕಲಿಯಲು ಬಂದ ಪ್ರತಿ ತಂಡಕ್ಕೂ ಮೊದಲು ನಿಮ್ಮ ಪುಸ್ತಿಕೆಯ ಮುಖಪುಟ ತೋರಿಸುತ್ತೇನೆ. ಇವನು ಯಾರು, ಇವನನ್ನು ಹೀಗೆ ಮೇಲೆ ತಂದವರು ಯಾರು, ಅವರು ಈಗ ಯಾವ ಹುದ್ದೆಯಲ್ಲಿದ್ದಾರೆ ಎಂದು ವಿವರವಾಗಿ ಹೇಳುತ್ತೇನೆ. ಇಲ್ಲಿಯವರೆಗೆ ಆರುನೂರಕ್ಕೂ ಹೆಚ್ಚು ಮಂದಿ ಕೇಳಿದ್ದಾರೆ. ನೀವು ನಿವೃತ್ತರಾದ ಮೇಲೂ ಹೇಳುತ್ತೇನೆ. ನನಗೆ ಇನ್ನೂ ಇಪ್ಪತ್ತಮೂರು ವರ್ಷ, ಎದೆಯಲ್ಲಿ ಗಾಳಿ ಬೇಕಾದಷ್ಟಿದೆ.

ನನ್ನ ಬೇಡಿಕೆ ಒಂದೇ. ಹೊಸ ತನಿಖೆ ಬೇಡ, ಇನ್ನೊಂದು ಕಾಗದ ಬೇಡ. ನೀವೇ ಭಂಕೂರಿಗೆ ಬನ್ನಿ. ಹಸೀನಾಬೇಗಂ ಕೂಡ ಕೇಳುವ ಹಾಗೆ, ಮಜೀದನ ಎದುರು ಕೂತು ‘ಆ ದಿನ ನಿನಗೆ ಯಾರೂ ಹೇಳಲಿಲ್ಲಪ್ಪ’ ಎನ್ನಿ. ನನ್ನ ಮಾತನ್ನು ಅವನು ನಂಬುವುದಿಲ್ಲ. ನಿಮ್ಮ ಮಾತನ್ನು ಈಗಲೂ ನಂಬುತ್ತಾನೆ.

ಇಂತಿ,
ಗೆಳೆಯನಿಗೆ ತಪ್ಪು ಪಾಠ ಹೇಳಿ, ಅದನ್ನು ಒಪ್ಪಿಕೊಂಡಿರುವ ಒಬ್ಬನೇ ಮೇಷ್ಟ್ರು,
ಮಾಣಿಕಪ್ಪ, ಭಂಕೂರ
ಏಪ್ರಿಲ್ 2006