ದಂಡೆಯ ಮೇಲಿನ ಕೋಣೆ

ಮನಿಷಾ,

ಅಂಡಮಾನಿಗೆ ಹೋಗಿ ನೀರೊಳಗಿನ ಮೀನು ನೋಡಬೇಕೆಂದು ಮಾತಾಡಿಕೊಂಡವರು ನಾವಿಬ್ಬರೇ. ನಾನು ಬರಲಿಲ್ಲ. ನೀನು ಬೇರೆ ಯಾರನ್ನೋ ಕರೆದುಕೊಂಡು ಹೋದೆ ಎಂಬ ಗುಮಾನಿ ನನಗಿತ್ತು.

ಇವತ್ತು ನಮ್ಮ ಮನೆಯವರು ಅಲ್ಲಿಯ ಎರಡು ವಸತಿಗಳ ಫೋಟೋ ತೋರಿಸಿದರು. "ಅಲ್ಲಿ ಐದಕ್ಕ ಹೊತ್ತು ಮುಳುಗತೈತಿ. ಅದಕ್ಕೂ ಮೊದ್ಲ ಊಟಾ ಕೊಡ್ತಾರೇನ್ ಕೇಳ."

ಫೋಟೋದ ಸಮುದ್ರ ಅಷ್ಟು ನೀಲಿ ಇರುತ್ತದೆಂದು ನಾನು ನಂಬಲಿಲ್ಲ. ಎರಡರಲ್ಲಿ ದಂಡೆಯ ಮೇಲಿನ ವಸತಿಗೆ ಫೋನ್ ಮಾಡಿದೆ. ಜೈನರ ಊಟ, ಅದೂ ಹೊತ್ತು ಮುಳುಗುವ ಮೊದಲು ಎನ್ನುತ್ತಿದ್ದಂತೆ ಒಡತಿ ಹಿಂದಿಯಲ್ಲಿ, "ಗೊತ್ತು. ಉಳ್ಳಾಗಡ್ಡಿ, ಬಟಾಟೆ ಬೇಡ, ನೀರನ್ನು ಬಟ್ಟೆಯಲ್ಲಿ ಸೋಸಬೇಕು. ನಿಪ್ಪಾಣಿಯ ಮನಿಷಾ ಕಲಿಸಿ ಹೋಗಿದ್ದಾರೆ," ಎಂದಳು.

ಜೊತೆಗೆ ಯಾರಿದ್ದರು ಎಂದು ಕೇಳಿಯೇಬಿಟ್ಟೆ.

"ಗೆಳತಿ ಬರುತ್ತಾಳೆಂದು ಕೋಣೆ ಇಬ್ಬರಿಗೆ ಹಿಡಿದಿದ್ದರು. ಬಂದದ್ದು ಒಬ್ಬರೇ."

ಫೋನ್ ಇಟ್ಟೆ.

"ಊಟಾ ಸಿಗತೈತೇನ?" ಎಂದರು ಇವರು.

"ಸಿಗತೈತ್ರಿ. ಆದ್ರ ಆ ಕೋಣಿ ಬ್ಯಾಡ, ಬ್ಯಾರೆ ಕಡೆ ನೋಡೂಣ್ರಿ."