ಅಮ್ಮ ಅಂಗಡಿಗೆ ಮರಳುವ ವಿಚಾರ

ಪೂಜ್ಯ ಅಪ್ಪನವರಿಗೆ,

ವೈದ್ಯಕೀಯ ತರಗತಿಯಲ್ಲಿ ಈ ವರ್ಷವೂ ನಾನೇ ಮೊದಲಿಗಳು. ಅದಕ್ಕಿಂತ ದೊಡ್ಡ ಗೆಲುವೊಂದನ್ನು ತಿಳಿಸಲು ಈ ಪತ್ರ.

ಹನ್ನೊಂದು ಜೊತೆ ಮೆಟ್ಟಿ ನೋಡಿದ ಗಿರಾಕಿಗೆ ಅಮ್ಮ "ಕಾಲು ಬದಲಾಯಿಸ್ಕೊಂಡು ಬನ್ನಿ" ಎಂದ ದಿನವೇ ನೀವು ಅವಳನ್ನು ನಮ್ಮ ಚಪ್ಪಲಿ ಅಂಗಡಿಯಿಂದ ಎಬ್ಬಿಸಿ ಗೋದಾಮಿಗೆ ಕಳಿಸಿ, ಅವಳ ಕುರ್ಚಿಯಲ್ಲಿ ಚಿಕ್ಕಪ್ಪನನ್ನು ಕೂರಿಸಿದಿರಿ. ಚಿಕಿತ್ಸೆಗೆಂದು ನಾನು ಅವಳನ್ನು ಇಲ್ಲಿ ನಮ್ಮ ಕಾಲೇಜಿನ ಆಸ್ಪತ್ರೆಗೆ ಕರೆತರುವಾಗಲೂ "ಅದು ಅವಳ ಹುಟ್ಟುಗುಣ ಕಣೇ, ಅದಕ್ಕೆಲ್ಲಿಯ ಔಷಧಿ!" ಎಂದು ನಕ್ಕಿರಿ.

ಹುಟ್ಟುಗುಣವಲ್ಲ ಅಪ್ಪ. ಮಲಬದ್ಧತೆ, ಹೊಟ್ಟೆಯುಬ್ಬರ, ಮುಟ್ಟಿನ ದಿನ, ಸಿಟ್ಟು ಎಲ್ಲವನ್ನೂ ಅಮ್ಮನಿಂದಲೇ ಮೂರು ತಿಂಗಳು ಬರೆಸಿದೆ. ಹೊಟ್ಟೆ ಹೆಚ್ಚು ಕಾಡಿದ ತಿಂಗಳಲ್ಲೇ ಮುಟ್ಟಿಗೆ ಮುಂಚಿನ ವಾರ ಸಿಡುಕೂ ಏರುತ್ತಿತ್ತು. ಅದನ್ನು ಓದಿದ ನಮ್ಮ ಪ್ರಾಧ್ಯಾಪಕಿ, ಕರುಳು, ಹಾರ್ಮೋನು, ಮನಸ್ಸು ತಮ್ಮ ಕಷ್ಟವನ್ನು ಒಂದಕ್ಕೊಂದು ದಾಟಿಸುತ್ತವೆಂದು ವಿವರಿಸಿ, ಮೊದಲು ಕರುಳಿಗೆ ಚಿಕಿತ್ಸೆ ಕೊಟ್ಟರು. ಕಳೆದ ತಿಂಗಳು ಸಿಡುಕಿನ ಮುನ್ಸೂಚನೆಯೇ ಇಲ್ಲದೆ ಮುಟ್ಟು ಬಂದುಹೋಯಿತು!

ಸೋಮವಾರ ಅಮ್ಮ ಬರುತ್ತಾಳೆ. ಅಂಗಡಿಯಲ್ಲಿ ಅವಳ ಕುರ್ಚಿಯಿಂದ ಚಿಕ್ಕಪ್ಪನನ್ನು ದಯವಿಟ್ಟು ಎಬ್ಬಿಸಿ. ಇದನ್ನು ಬರೆಯುವಾಗ ಅವಳು ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ: "ಸಿಟ್ಟು ಪೂರ್ತಿ ಹೋಯ್ತು ಅಂತ ಬರೀಬೇಡ ಕಣೇ! ಅಷ್ಟಿಷ್ಟಾದ್ರೂ ಇಲ್ದಿದ್ರೆ ನಿಮ್ಮಪ್ಪ ಕುರ್ಚಿ ಬಿಡಿಸ್ತಾರಾ?"

ಕುರ್ಚಿ ಖಾಲಿಯಾದ ಸುದ್ದಿಗೆ ಕಾಯುತ್ತಿರುವ,
ನಿಮ್ಮ ಮಗಳು